ಹಿತ್ತಾಳೆ ಸ್ಪಿನ್ನರ್: ಬ್ಲೇಡ್ ಕೂತಿತು, ತಂಗೂಸಿಯ ಹುರಿ ಬಾಕಿ

ಮೀನು ಹಿಡಿಯಲು ನಾನೇ ಮಾಡುತ್ತಿರುವ ಹಿತ್ತಾಳೆ ಸ್ಪಿನ್ನರ್ ಗಾಳದ ಬ್ಲೇಡ್ ಕೊನೆಗೂ ಮನಸ್ಸಿಗೆ ಒಪ್ಪುವ ಹಾಗೆ ಬಂದಿದೆ. ಬಾಡಿ ಲೇತ್ ಅಂಗಡಿಯಿಂದ ಬಂದು ಮೇಜಿನ ಮೇಲಿದೆ. ತಂಗೂಸಿ, ಅಂದರೆ ಗಾಳದ ದಾರ, ತಿರುಚಿ ಹುರಿಗೊಳ್ಳುವ ತೊಂದರೆ ಅರ್ಧ ಬಗೆಹರಿದಿದೆ. ಈ ಕಂತಿನಲ್ಲಿ ಬ್ಲೇಡ್ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಸ್ಪಿನ್ನರಿನ ಜೀವ ಇರುವುದು ಅಲ್ಲೇ.

ಹೊಸದಾಗಿ ಓದುವವರಿಗೆ ಒಂದೆರಡು ಮಾತು. ಸ್ಪಿನ್ನರ್ ಅಂದರೆ ಎರೆ ಇಲ್ಲದ ಗಾಳ. ನಡುವೆ ಒಂದು ಸ್ಟೀಲ್ ತಂತಿ. ಅದರ ಮೇಲ್ತುದಿಯಲ್ಲಿ ತಂಗೂಸಿ ಕಟ್ಟುವ ಕುಣಿಕೆ. ಕುಣಿಕೆಯ ಕೆಳಗೆ ಕ್ಲೆವಿಸ್ ಅನ್ನುವ ಪುಟ್ಟ ಕೊಂಡಿ, ಆ ಕೊಂಡಿಗೆ ನೇತಾಡುವ ಬ್ಲೇಡ್. ಆಮೇಲೆ ಒಂದು ಮಣಿ, ತೂಕಕ್ಕೆ ಬಾಡಿ, ಕೊನೆಗೆ ಕೊಕ್ಕೆ. ರೀಲ್ ಸುತ್ತಿದರೆ ಬ್ಲೇಡ್ ತಂತಿಯ ಸುತ್ತ ತಿರುಗುತ್ತದೆ, ಮಿಂಚುತ್ತದೆ, ನೀರನ್ನು ಬಡಿಯುತ್ತದೆ. ಅಮೆರಿಕದ ಜೂಲಿಯೊ ಬ್ಯುಯೆಲ್ 1852ರಲ್ಲೇ ಚಮಚದಾಕಾರದ ಲೋಹದ ಗಾಳಕ್ಕೆ ಪೇಟೆಂಟ್ ಪಡೆದಿದ್ದರು. ಫ್ರಾನ್ಸಿನ ಆಂದ್ರೆ ಮ್ಯೂಲ್ನಾರ್ 1938ರಲ್ಲಿ ಮೆಪ್ಸ್ ಸ್ಪಿನ್ನರ್ ತಂದರು. ಇವತ್ತಿಗೂ ಸ್ಪಿನ್ನರ್ ಮಾಡುವವರು ಆ ಬ್ಲೇಡನ್ನು ಎದುರಿಗಿಟ್ಟುಕೊಂಡೇ ಕೂರುತ್ತಾರೆ. ನಾನೂ ಹಾಗೇ ಶುರು ಮಾಡಿದ್ದು.

ನಮ್ಮ ನೀರಿಗೆ ಏನು ಬೇಕು

ನಾನು ಗಾಳ ಹಾಕುವುದು ಎರಡು ಕಡೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಹಿನ್ನೀರಿನಲ್ಲಿ ಮತ್ತು ಹರಿಹರದ ಹತ್ತಿರ ತುಂಗಭದ್ರೆಯಲ್ಲಿ. ಎರಡಕ್ಕೂ ನಂಟಿದೆ. ಸೂಳೆಕೆರೆಯಿಂದ ಹೊರಟ ಹರಿದ್ರಾ ಹಳ್ಳ ಹರಿಹರದಲ್ಲೇ ಹೊಳೆ ಸೇರುತ್ತದೆ. ಮಳೆ ಬಿದ್ದ ಮೇಲೆ ಎರಡೂ ಕಡೆ ನೀರು ಕೆಂಪು. ಕೈ ಮುಳುಗಿಸಿದರೆ ಬೆರಳು ಕಾಣಲ್ಲ.

ಇಂಥ ನೀರಿನಲ್ಲಿ ನಾನು ಹುಡುಕುವ ಮೀನು ಕೊರವ. ಅದು ಬೆನ್ನಟ್ಟಿ ದೂರ ಬರುವ ಮೀನಲ್ಲ. ಜೊಂಡಿನ ಅಂಚಿನಲ್ಲಿ ಹೊಂಚು ಹಾಕಿ ನಿಂತಿರುತ್ತದೆ, ಹತ್ತಿರ ಬಂದದ್ದಕ್ಕೆ ಒಮ್ಮೆಲೇ ನುಗ್ಗುತ್ತದೆ. ಆದ್ದರಿಂದ ಗಾಳ ಜೊಂಡಿನ ಪಕ್ಕದಲ್ಲಿ ನಿಧಾನವಾಗಿ ಹಾಯಬೇಕು. ಕಾಣದ ನೀರಿನಲ್ಲಿ ತಾನು ಇದ್ದೇನೆ ಅಂತ ತಿಳಿಸಬೇಕು. ಮೀನಿನ ಮೈಯ ಎರಡೂ ಪಕ್ಕ ಒಂದು ಗೆರೆ ಇರುತ್ತದಲ್ವಾ, ಅದರಲ್ಲಿ ನೀರಿನ ಸಣ್ಣ ಅಲುಗಾಟವನ್ನು ಹಿಡಿಯುವ ಸೂಕ್ಷ್ಮ ಅಂಗಗಳಿವೆ. ಹತ್ತಿರದ ನಿಧಾನ ಬಡಿತವನ್ನು ಅವು ಚೆನ್ನಾಗಿ ಗುರುತಿಸುತ್ತವೆ. ಸೆಕೆಂಡಿಗೆ ಐದಾರು ಸಲ ತಿರುಗುವ ಬ್ಲೇಡಿನ ಬಡಿತ ಸರಿಯಾಗಿ ಆ ಮಟ್ಟದಲ್ಲೇ ಬರುತ್ತದೆ.

ಅಂಗಡಿಯಲ್ಲಿ ಸಿಗುವ ಸ್ಪಿನ್ನರುಗಳಲ್ಲಿ ಹಲವು ತಣ್ಣಗಿನ, ತಿಳಿ ನೀರಿನ ಟ್ರೌಟ್ ಮೀನಿಗೆ ಅಂತ ಹುಟ್ಟಿದವು. ಅಲ್ಲಿ ಮಿಂಚು ಮುಖ್ಯ. ನಮ್ಮ ಕಡೆ ಬಡಿತ ಮೊದಲು, ಮಿಂಚು ಆಮೇಲೆ. ನನ್ನ ಇಡೀ ಕೆಲಸ ನಿಂತಿರುವುದು ಈ ಒಂದು ಮಾತಿನ ಮೇಲೆ: ಎಷ್ಟು ನಿಧಾನಕ್ಕೆ ಎಳೆದರೂ ಬ್ಲೇಡ್ ನಿಲ್ಲಬಾರದು.

ಬ್ಲೇಡ್

ಬ್ಲೇಡಿನಲ್ಲಿ ಮುಖ್ಯವಾಗಿ ಮೂರು ಆಕಾರ. ಕೊಲೊರಾಡೊ ಅಗಲ, ಹೆಚ್ಚುಕಡಿಮೆ ದುಂಡು. ತಂತಿಯಿಂದ ದೂರ ತೆರೆದುಕೊಂಡು ನಿಧಾನ ತಿರುಗುತ್ತದೆ, ನೀರನ್ನು ಜೋರಾಗಿ ಬಡಿಯುತ್ತದೆ, ಗಾಳವನ್ನು ಮೇಲಕ್ಕೆ ಎತ್ತುತ್ತದೆ. ವಿಲೋ ಉದ್ದ, ಸಪೂರ. ತಂತಿಗೆ ಅಂಟಿಕೊಂಡ ಹಾಗೆ ವೇಗವಾಗಿ ಸುತ್ತುತ್ತದೆ. ಮಿಂಚು ಜಾಸ್ತಿ, ಬಡಿತ ಕಡಿಮೆ. ಹರಿಯುವ ನೀರಿಗೆ, ಆಳಕ್ಕೆ ಅದು ಒಳ್ಳೆಯದು. ಇಂಡಿಯಾನಾ ಇವೆರಡರ ನಡುವಿನದು. ಕೆರೆಗೆ ಕೊಲೊರಾಡೊ ಕಡೆಗೆ ವಾಲಿದ ಮೊಟ್ಟೆಯಾಕಾರ ಆರಿಸಿಕೊಂಡೆ: 26 ಮಿ.ಮೀ. ಉದ್ದ, 21 ಮಿ.ಮೀ. ಅಗಲ.

ಹಿತ್ತಾಳೆ ತಗಡು 0.5 ಮಿ.ಮೀ. ದಪ್ಪದ್ದು. 0.8 ಮಿ.ಮೀ. ತಗಡಿನಲ್ಲೂ ಮಾಡಿ ನೋಡಿದೆ. ಅದರ ಬಡಿತ ಕೈಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಭಾರ ಜಾಸ್ತಿಯಾಗಿ ನಿಧಾನ ಎಳೆತಕ್ಕೆ ಬ್ಲೇಡ್ ಏಳುವುದಿಲ್ಲ, ಬಾಡಿಯ ಪಕ್ಕಕ್ಕೆ ಮಲಗಿಬಿಡುತ್ತದೆ. ತೆಳು ತಗಡು ಬೇಗ ಏಳುತ್ತದೆ. ನನಗೆ ಬೇಕಿರುವುದು ಅದೇ.

ತಗಡು ಕತ್ತರಿಯಲ್ಲಿ ಆಕಾರ ಕತ್ತರಿಸಿ, ಅಂಚಿಗೆ ಅರ ಹಾಕಿ, ಸಪೂರ ತುದಿಯಿಂದ 2 ಮಿ.ಮೀ. ಒಳಗೆ ತೂತು ಹೊಡೆಯುತ್ತೇನೆ. ಆಮೇಲೆ ತಗ್ಗು ಕೊಡುವ ಕೆಲಸ. ಜಾಲಿ ಕೊರಡಿನಲ್ಲಿ ಒಂದು ಗುಳಿ ಕೊರೆದಿಟ್ಟುಕೊಂಡಿದ್ದೇನೆ. ಅದರ ಮೇಲೆ ತಗಡು ಇಟ್ಟು ಬಾಲ್ ಪೀನ್ ಸುತ್ತಿಗೆಯ ಗುಂಡು ತಲೆಯಿಂದ ಮೆಲ್ಲಗೆ, ನಡುವಿನಿಂದ ಅಂಚಿನ ಕಡೆಗೆ ಬಡಿಯುತ್ತಾ ಬರಬೇಕು. ಬಡಿದಷ್ಟೂ ಹಿತ್ತಾಳೆ ಗಡುಸಾಗುತ್ತದೆ. ಹಾಗೇ ಮುಂದುವರಿಸಿದರೆ ಅಂಚು ಸೀಳುತ್ತದೆ. ಸುತ್ತಿಗೆಯ ಸದ್ದು ಟಣ್ ಟಣ್ ಅನ್ನಲು ಶುರುವಾದರೆ ನಿಲ್ಲಿಸಿ ಗ್ಯಾಸ್ ಒಲೆಯ ಉರಿಗೆ ಹಿಡಿಯುತ್ತೇನೆ. ದೀಪ ಆರಿಸಿಕೊಂಡರೆ ಬಣ್ಣ ತಿಳಿಯುತ್ತದೆ. ಮಂದ ಕೆಂಪು ಕಾಣುತ್ತಿದ್ದ ಹಾಗೆ ಉರಿ ತೆಗೆದು ಆರಲು ಬಿಡಬೇಕು. ಆಗ ತಗಡು ಮತ್ತೆ ಮೆತ್ತಗಾಗಿ ಸುತ್ತಿಗೆಗೆ ಬಗ್ಗುತ್ತದೆ. ಮೇಲೆ ಕೂತ ಕಪ್ಪು ಹೋಗಲು ಹುಣಸೆಹಣ್ಣು ಸಾಕು. ಮನೆಯಲ್ಲಿ ದೀಪದ ಕಂಬ ಬೆಳಗುವ ದಿನ ನನ್ನ ಬ್ಲೇಡುಗಳೂ ಅದೇ ತಟ್ಟೆಗೆ ಬೀಳುತ್ತವೆ.

ತಗ್ಗು ಎಷ್ಟಿರಬೇಕು? ಸೌಟಿನ ಹಾಗೆ ಆಳವಾದರೆ ಬ್ಲೇಡ್ ಅಗಲ ತೆರೆದುಕೊಂಡು ನಿಧಾನಕ್ಕೆ, ಗಟ್ಟಿಯಾಗಿ ಬಡಿಯುತ್ತದೆ. ಚಪ್ಪಟೆಯಾದರೆ ವೇಗ ಹೆಚ್ಚಿ ಬಡಿತ ಸಣ್ಣದಾಗುತ್ತದೆ. 4 ಮಿ.ಮೀ. ತಗ್ಗಿಗೆ ನಿಲ್ಲಿಸಿದ್ದೇನೆ. ಹೊರಮೈಗೆ ಬಣ್ಣವಿಲ್ಲದ ಉಗುರು ಪಾಲಿಶ್ ಒಂದು ಪದರ, ಹೊಳಪು ಉಳಿಯಲಿ ಅಂತ. ಒಳಮೈ ಹಾಗೇ ಕಪ್ಪಾಗಲು ಬಿಟ್ಟಿದ್ದೇನೆ. ತಿರುಗುವಾಗ ಬೆಳಕು ಮತ್ತು ಕಪ್ಪು ಸರದಿಯಲ್ಲಿ ಬರುತ್ತವೆ. ಕಲಕಿದ ನೀರಿಗೆ ಪೂರ್ತಿ ಹೊಳಪಿಗಿಂತ ಇದು ಮೇಲು ಅಂತ ನನ್ನ ನಂಬಿಕೆ.

ಕ್ಲೆವಿಸ್ ಮತ್ತು ಮಣಿ

ಜನ ಬ್ಲೇಡ್ ನೋಡುತ್ತಾರೆ, ಈ ಎರಡನ್ನು ನೋಡುವುದಿಲ್ಲ. ಬ್ಲೇಡ್ ತಿರುಗಬೇಕೋ ಬೇಡವೋ ಅನ್ನುವುದು ತೀರ್ಮಾನವಾಗುವುದೇ ಇಲ್ಲಿ. ಕ್ಲೆವಿಸ್ ಅಂದರೆ ಎರಡು ತುದಿಗೂ ತೂತಿರುವ, ನಡುವೆ ಮಡಚಿದ ಸಣ್ಣ ಹಿತ್ತಾಳೆ ಪಟ್ಟಿ. ತಂತಿ ಎರಡೂ ತೂತಿನಲ್ಲಿ ಹಾಯುತ್ತದೆ, ಬ್ಲೇಡ್ ಮಡಿಕೆಯಲ್ಲಿ ನೇತಾಡುತ್ತದೆ. ತೂತಿನ ಅಂಚಿನಲ್ಲಿ ಡ್ರಿಲ್ ಬಿಟ್ಟ ಮುಳ್ಳು ಒಂದೇ ಒಂದು ಉಳಿದರೂ ಅದು ತಂತಿಯನ್ನು ಕಚ್ಚುತ್ತದೆ. ಸೂಜಿ ಅರದಿಂದ ಒಳಗೆ ಎರಡು ಸುತ್ತು ತಿರುಗಿಸಿ, ಆಮೇಲೆ ನೀರು ಕಾಗದದ (ನುಣುಪು ಉಜ್ಜುಕಾಗದ) ಸಣ್ಣ ಸುರುಳಿ ಹಾಯಿಸುತ್ತೇನೆ. ತಂತಿ 0.8 ಮಿ.ಮೀ., ತೂತು 1 ಮಿ.ಮೀ.

ಕ್ಲೆವಿಸ್ ಕೂರುವ ಮಣಿಯೇ ಇಲ್ಲಿ ಬೇರಿಂಗ್. ಪ್ಲಾಸ್ಟಿಕ್ ಮಣಿ ಬೇಗ ಸವೆದು ಗೆರೆ ಬೀಳುತ್ತದೆ, ಕ್ಲೆವಿಸ್ ಆ ಗೆರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಳೆ ಅಂಗಡಿಯ ಗಾಜಿನ ಮಣಿ ಗಟ್ಟಿ, ನುಣುಪು. ಒಂದು ಸರ ತಂದರೆ ವರ್ಷಕ್ಕೆ ಸಾಕು. ಆರಿಸುವಾಗ ತೂತಿನ ಬಾಯಿ ಒಡೆದಿದ್ದರೆ ಬಿಡಬೇಕು.

ಕ್ಲೆವಿಸ್ ಇಲ್ಲದೆ ತಂತಿ ನೇರ ಬ್ಲೇಡಿನ ತೂತಿನಲ್ಲೇ ಹಾಯುವ ಮಾದರಿಯೂ ಇದೆ. ಪ್ಯಾಂಥರ್ ಮಾರ್ಟಿನ್ ಅನ್ನುವ ಬ್ರಾಂಡಿನ ಸ್ಪಿನ್ನರ್ ಅದಕ್ಕೆ ಹೆಸರುವಾಸಿ. ನೀರಿಗೆ ಬಿದ್ದ ತಕ್ಷಣ ತಿರುಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಲೇಡ್ ಅಗಲವಾಗಿ ತೆರೆಯುವುದಿಲ್ಲ. ಬಡಿತ ಬೇಕು ಅನ್ನುವ ನನಗೆ ಕ್ಲೆವಿಸ್ಸೇ ಸರಿ.

ಗದ್ದೆ ಕಾಲುವೆಯ ಪರೀಕ್ಷೆ

ಭದ್ರಾ ನಾಲೆಗೆ ನೀರು ಬಿಟ್ಟಾಗ ನಮ್ಮ ಕಡೆ ಗದ್ದೆ ಕಾಲುವೆಗಳಲ್ಲಿ ಒಂದೇ ಸಮ ಹರಿವು ಸಿಗುತ್ತದೆ. ಕಾಂಕ್ರೀಟ್ ಕಾಲುವೆ, ಮೊಣಕಾಲುದ್ದ ನೀರು, ತಳ ಕಾಣುತ್ತದೆ. ಸ್ಪಿನ್ನರ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಜಾಗ ಬೇಡ. ಗಾಳವನ್ನು ಎಳೆಯಬೇಕಿಲ್ಲ. ಹಿಡಿದು ನಿಂತರೆ ನೀರೇ ಹಾಯುತ್ತದೆ. ಮಕ್ಕಳು ಈಜುವ ಜಾಗವಾದ್ದರಿಂದ ಕೊಕ್ಕೆ ತೆಗೆದು ಅಷ್ಟೇ ತೂಕದ ತಂತಿ ತುಂಡು ಹಾಕಿಕೊಳ್ಳುತ್ತೇನೆ.

ನನ್ನ ರೀಲ್ ಹಿಡಿಯ ಒಂದು ಸುತ್ತಿಗೆ ಸುಮಾರು 70 ಸೆಂ.ಮೀ. ತಂಗೂಸಿ ಎಳೆಯುತ್ತದೆ. ಎರಡು ಸೆಕೆಂಡಿಗೆ ಒಂದು ಸುತ್ತು ಅಂದರೆ ಸೆಕೆಂಡಿಗೆ 35 ಸೆಂ.ಮೀ. ಕೊರವನಿಗೆ ನಾನು ಬಯಸುವ ವೇಗ ಅದು. ಕಾಲುವೆ ದಡದಲ್ಲಿ 10 ಮೀಟರ್ ಅಳೆದು, ಒಣ ಕಡ್ಡಿ ತೇಲಿಬಿಟ್ಟು ಮೊಬೈಲಿನಲ್ಲಿ ಸಮಯ ನೋಡಿದೆ. 28 ಸೆಕೆಂಡ್. ಹೆಚ್ಚುಕಡಿಮೆ ಅದೇ ವೇಗ.

ಆಮೇಲೆ ಮೊಬೈಲಿನ ಸ್ಲೋ ಮೋಷನ್. ಸೆಕೆಂಡಿಗೆ 240 ಚಿತ್ರ. ಬ್ಲೇಡಿನ ಹೊರಮೈಗೆ ಮಾರ್ಕರಿನಿಂದ ಕಪ್ಪು ಚುಕ್ಕೆ ಇಟ್ಟು, ಆ ಚುಕ್ಕೆ ಒಂದು ಸುತ್ತು ಬರಲು ಎಷ್ಟು ಚಿತ್ರ ಬೇಕು ಅಂತ ಎಣಿಸಿದರೆ ಆಯಿತು. ಹೊಸ ಬ್ಲೇಡಿಗೆ ಸುಮಾರು 34 ಚಿತ್ರ, ಅಂದರೆ ಸೆಕೆಂಡಿಗೆ 7 ಸುತ್ತು. ಅಷ್ಟೇ ತೂಕದ ವಿಲೋ ಬ್ಲೇಡಿಗೆ ಸುಮಾರು 20 ಚಿತ್ರ, ಅಂದರೆ 12 ಸುತ್ತು. ಕಣ್ಣಿಗೆ ವಿಲೋ ಚೆಂದ. ಗಾಳದ ಕಡ್ಡಿ ಹಿಡಿದ ಕೈಗೆ ಮಾತ್ರ ಅದು ಇದ್ದೂ ಇಲ್ಲದ ಹಾಗೆ.

ಬಾಡಿ

ಸೀಸ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಅದು ವಿಷ. ಕೊಕ್ಕೆ ಸಿಕ್ಕಿಕೊಂಡು ಕಡಿದುಹೋದ ಗಾಳ ಕೆರೆಯಲ್ಲೇ ಉಳಿಯುತ್ತದೆ, ಆ ನೀರನ್ನು ಜನ ಕುಡಿಯುತ್ತಾರೆ. ಹಿತ್ತಾಳೆ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕಕ್ಕೆ ಬಾಡಿ ಮೂರನೇ ಒಂದು ಭಾಗದಷ್ಟು ದೊಡ್ಡದಾಗುತ್ತದೆ. ದಪ್ಪ ಬಾಡಿ ಬ್ಲೇಡಿನ ಹಾದಿಗೆ ಅಡ್ಡ ಬರುತ್ತದೆ, ನಿಧಾನ ಎಳೆತದಲ್ಲಿ ಬ್ಲೇಡ್ ಅದಕ್ಕೆ ತಗುಲಿ ನಿಲ್ಲುತ್ತದೆ.

ಇದಕ್ಕೆ ಕಂಡುಕೊಂಡ ದಾರಿ: 6 ಮಿ.ಮೀ. ಹಿತ್ತಾಳೆ ಸರಳು, 25 ಮಿ.ಮೀ. ಉದ್ದ. ಮೇಲಿನ ಅರ್ಧ ಇಳಿಜಾರಾಗಿ ಸಪೂರ, ಕೆಳಗಿನ ಅರ್ಧ ದಪ್ಪ. ಇಡೀ ತುಂಡು 6 ಗ್ರಾಂ ತೂಗುತ್ತದೆ, ಇಳಿಜಾರು ತೆಗೆದು ತೂತು ಕೊರೆದ ಮೇಲೆ 5ರ ಆಸುಪಾಸು. ಲೇತ್ ಅಂಗಡಿಯ ಅಣ್ಣನಿಗೆ ಚಿತ್ರ ತೋರಿಸಿದಾಗ ಅವರು ಮೊದಲು ಕೇಳಿದ್ದು, "ಇದು ಯಾವ ಮೋಟರಿಗೆ ಸರ್?" ಅಂತ. ಮೀನಿಗೆ ಅಂದ ಮೇಲೆ ಕೆಲಸ ಇನ್ನೂ ನಯವಾಯಿತು. ಉದ್ದಕ್ಕೂ 1 ಮಿ.ಮೀ. ತೂತು ನೇರ ಕೊರೆಯುವುದು ಸುಲಭದ ಮಾತಲ್ಲ. ಎರಡೂ ತುದಿಯಿಂದ ಕೊರೆದು ನಡುವೆ ಕೂಡಿಸಿಕೊಟ್ಟರು.

ಕೊಕ್ಕೆ ಮತ್ತು ಕೂದಲು

ಮೂರು ಮುಳ್ಳಿನ ಟ್ರೆಬಲ್ ಹುಕ್ ಬಿಟ್ಟು ಒಂಟಿ ಕೊಕ್ಕೆಗೆ ಬಂದಿದ್ದೇನೆ. ಜೊಂಡಿಗೆ, ಅಂತರಗಂಗೆಗೆ ಸಿಕ್ಕಿಕೊಳ್ಳುವುದು ಕಡಿಮೆ. ಮೀನು ಬಿಡುವಾಗಲೂ ಬೇಗ ಬಿಡಿಸಬಹುದು. ಕೊರವನ ಬಾಯಿ ಎಲುಬಿನ ಗಟ್ಟಿ. ಸಪೂರ ಕೊಕ್ಕೆ ಬಗ್ಗುತ್ತದೆ, ದಪ್ಪ ತಂತಿಯದ್ದೇ ಬೇಕು.

ಕೊಕ್ಕೆಗೆ ಸುತ್ತಲು ಚಳ್ಳಕೆರೆ ಕಡೆಯ ಗೆಳೆಯ ಕುರಿ ಉಣ್ಣೆ, ಮೇಕೆ ಬಾಲದ ಕೂದಲು ಎರಡೂ ತಂದುಕೊಟ್ಟ. ಉಣ್ಣೆ ನೀರು ಕುಡಿದು ಮುದ್ದೆಯಾಗುತ್ತದೆ. ಮೇಕೆ ಕೂದಲು ಬಿರುಸು, ನೀರಿನಲ್ಲಿ ಬಿಚ್ಚಿಕೊಂಡು ಅಲುಗಾಡುತ್ತದೆ. ಹೊಲಿಗೆ ದಾರದಲ್ಲಿ ಬಿಗಿದು ಗಂಟಿಗೆ ಉಗುರು ಪಾಲಿಶ್. ಇದಕ್ಕೆ ಇನ್ನೊಂದು ಲಾಭವೂ ಇದೆ. ಹಿಂದೆ ಕೂದಲು ನೀರನ್ನು ಹಿಡಿದಾಗ ಬಾಡಿ ಸುಲಭಕ್ಕೆ ಉರುಳುವುದಿಲ್ಲ.

ಸೂಳೆಕೆರೆಯಲ್ಲಿ

ಗುತ್ತಿಗೆಯವರನ್ನು ಕೇಳಿಯೇ ಇಳಿದದ್ದು. ಕೆರೆಗಳ ಮೀನು ಹರಾಜಾಗಿರುತ್ತದೆ. ಯಾರೇ ಹೋದರೂ ಮೊದಲು ಕೇಳಿಕೊಳ್ಳಿ. ತೆಪ್ಪದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಸ್ಪಿನ್ನರನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿದರು. "ಇದ್ರಾಗ ಎರಿ ಎಲ್ಲೈತೋ ತಮ್ಮಾ?" ಅಂದರು. ಎರೆ ಇಲ್ಲ ಯಜಮಾನ್ರೇ, ಇದು ನೀರಲ್ಲಿ ತಿರುಗುತ್ತೆ, ಆ ಸದ್ದಿಗೆ ಬರುತ್ತೆ ಅಂದೆ. "ಹಂಗಾದ್ರ ಜೊಂಡಿನ ನೆರಳಾಗ ಹಾಕು, ಬಯಲಾಗ ಸುಮ್ನ ಯಾಕ ಎಸೀತಿ" ಅಂತ ಜಾಗ ತೋರಿಸಿದರು.

ಅವರು ಹೇಳಿದ ಕಡೆಯೇ ಎಸೆದೆ. ಎರಡು ಸೆಕೆಂಡಿಗೆ ಒಂದು ಸುತ್ತು. ಕಡ್ಡಿಯ ತುದಿ ಒಂದೇ ಸಮ ನಡುಗುತ್ತಿತ್ತು, ಅಂದರೆ ಬ್ಲೇಡ್ ತಿರುಗುತ್ತಿದೆ. ಒಮ್ಮೆಲೇ ನಡುಕ ನಿಂತಿತು. ಕಸ ಅಂದುಕೊಳ್ಳುವಷ್ಟರಲ್ಲಿ ಕಡ್ಡಿ ಬಾಗಿತು. ಮುಂಗೈಯುದ್ದದ ಕೊರವ. ಕೊಕ್ಕೆ ಮೇಲ್ದವಡೆಯ ಮೂಲೆಯಲ್ಲಿ ಕೂತಿತ್ತು, ಬ್ಲೇಡಿನ ಮೇಲೆ ಹಲ್ಲಿನ ಸಣ್ಣ ಗೀರುಗಳು. ಅದನ್ನು ಬಿಟ್ಟೆ. ಪಕ್ಕದಲ್ಲೇ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಉಸಿರಿಗೆ ಏಳುತ್ತಿತ್ತು. ಕೊರವ ಮರಿಗಳನ್ನು ಕಾಯುವ ಮೀನು. ಆ ಹೊತ್ತಿನಲ್ಲಿ ಹತ್ತಿರ ಬಂದ ಯಾವುದಕ್ಕೂ ಬಾಯಿ ಹಾಕುತ್ತದೆ. ತಾಯಿ ತಂದೆ ಹೋದರೆ ಮರಿಗಳನ್ನು ಬೇರೆ ಮೀನು ಮುಗಿಸಿಬಿಡುತ್ತವೆ. ಮರಿ ಗುಂಪು ಕಂಡ ಕಡೆ ಗಾಳ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಬಾಕಿ ಇರುವುದು

ತಂಗೂಸಿಯ ಹುರಿ. ಬ್ಲೇಡ್ ತಿರುಗುವಾಗ ಮಣಿಯ ಉಜ್ಜಾಟದಿಂದ ತಂತಿಯೂ ಸ್ವಲ್ಪ ತಿರುಗುತ್ತದೆ, ಅದು ತಂಗೂಸಿಗೆ ಏರುತ್ತದೆ. ಕೊನೆಗೆ ರೀಲಿನಲ್ಲಿ ಗಂಟು. ಗಾಜಿನ ಮಣಿ, ಮೇಕೆ ಕೂದಲು ಸೇರಿ ಅದನ್ನು ಅರ್ಧಕ್ಕೆ ಇಳಿಸಿವೆ. ತಂಗೂಸಿಗೂ ಗಾಳಕ್ಕೂ ನಡುವೆ ಹಾಕುವ ತಿರುಗು ಕೊಂಡಿಗೆ ಸ್ವಿವೆಲ್ ಅನ್ನುತ್ತಾರೆ. ಸಾದಾ ಸ್ವಿವೆಲ್ ಹಗುರ ಎಳೆತಕ್ಕೆ ಸರಿಯಾಗಿ ತಿರುಗುವುದಿಲ್ಲ, ಬಾಲ್ ಬೇರಿಂಗ್ ಸ್ವಿವೆಲ್ ತರಿಸಿದ್ದೇನೆ. ಜೊತೆಗೆ ಸ್ವಿವೆಲ್ಲಿನ ಮುಂದೆ ತಂಗೂಸಿಗೆ ಒಂದು ಸಣ್ಣ ಹಿತ್ತಾಳೆ ರೆಕ್ಕೆ ಕೂರಿಸುವ ಯೋಚನೆ. ತೂಕ ಒಂದೇ ಕಡೆ ಜೋತು ಬಿದ್ದರೆ ಅಲ್ಲಿಂದ ಮುಂದಕ್ಕೆ ತಂಗೂಸಿ ಉರುಳುವುದಿಲ್ಲ. ರೆಕ್ಕೆಯನ್ನು ಉಳಿದ 0.8 ಮಿ.ಮೀ. ತಗಡಿನಲ್ಲೇ ಕತ್ತರಿಸುತ್ತೇನೆ. ನಾಲೆಗೆ ಮತ್ತೆ ನೀರು ಬಿಟ್ಟಾಗ ರೆಕ್ಕೆ ಇರುವುದು, ಇಲ್ಲದ್ದು ಎರಡನ್ನೂ ಅಕ್ಕಪಕ್ಕ ಕಟ್ಟಿ, ತಂಗೂಸಿಗೆ ಬಣ್ಣದ ದಾರದ ತುಂಡು ಗುರುತಿಗೆ ಕಟ್ಟಿ, ಯಾವುದು ಎಷ್ಟು ಸುತ್ತುತ್ತದೆ ಅಂತ ಎಣಿಸುತ್ತೇನೆ. ಆಮೇಲೆ ಹರಿಹರದ ಹೊಳೆಗೆ ವಿಲೋ ಬ್ಲೇಡಿನ ಸರದಿ. ಅಲ್ಲಿ ಹರಿವು ಜೋರು, ಹುಡುಕುವುದು ಬಾಳೆ ಮೀನು, ಬಾಡಿ 10 ಗ್ರಾಂ ಆದರೂ ಬೇಕಾಗುತ್ತದೆ.