ಅಮ್ಮನ ಜೊತೆ ಕಾನ್ಹೇರಿಗೆ, ಮುತ್ತುಗ ಅರಳುವ ತಿಂಗಳಲ್ಲಿ

ಶಿವರಾತ್ರಿ ಕಳೆದು ಯುಗಾದಿ ಬರುವವರೆಗಿನ ವಾರಗಳು ಮುಂಬಯಿಯ ಬೊರಿವಲಿಯಲ್ಲಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ, ಅದರೊಳಗಿನ ಕಾನ್ಹೇರಿಯ ಬೌದ್ಧ ಗುಹೆಗಳಿಗೆ ಹೋಗಲು ಹೇಳಿ ಮಾಡಿಸಿದ ಕಾಲ. ಎಲೆ ಉದುರಿದ ಕೊಂಬೆಗಳಲ್ಲಿ ಮುತ್ತುಗ, ಬೂರುಗ, ಹಾಲವಾಣ ಕೆಂಪಗೆ ಅರಳಿರುತ್ತವೆ. ಊರಿನಿಂದ ಬಂದು ಮಗನ ಫ್ಲ್ಯಾಟಿನೊಳಗೇ ದಿನ ದೂಡುವ ಅಮ್ಮನಿಗೆ ಈ ಮಹಾನಗರದಲ್ಲಿ ಗುರುತಿನ ಮರಗಳು ಸಿಗುವುದು ಇಲ್ಲೇ. ಮುತ್ತುಗದೆಲೆಯಲ್ಲಿ ಪತ್ರಾವಳಿ ಹಚ್ಚಿ ಬೆಳೆದವರು ಆ ಹೂವನ್ನು ಬಸ್ಸಿನ ಕಿಟಕಿಯಿಂದಲೇ ಗುರುತಿಸುತ್ತಾರೆ.

ಸೋಮವಾರ ಉದ್ಯಾನಕ್ಕೆ ರಜೆ. ಶನಿವಾರ, ಭಾನುವಾರ ಒಳಗಿನ ಬಸ್ಸಿಗೆ ಉದ್ದ ಸಾಲು. ಹಿರಿಯರನ್ನು ಮೆಟ್ಟಿಲಿಗಿಂತ ಆ ಸಾಲೇ ಹೆಚ್ಚು ದಣಿಸುತ್ತದೆ. ಶಿವರಾತ್ರಿಯ ದಿನವಂತೂ ಜಾತ್ರೆಯಷ್ಟು ಜನ. ಉಳಿದ ವಾರದ ದಿನಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ದಾದರ್ ಕಡೆಯಿಂದ ಬರುವವರಿಗೆ ಬೆಳಗಿನ ನೂಕುನುಗ್ಗಲು ಎದುರು ದಿಕ್ಕಿನದು, ಆದರೂ ಬೊರಿವಲಿ ದಾಟಿ ಮುಂದೆ ಹೋಗುವ ವಿರಾರ್ ಗಾಡಿ ಬೇಡ. ಬೊರಿವಲಿಯಲ್ಲೇ ಕೊನೆಯಾಗುವ ಲೋಕಲ್ ಹತ್ತಿದರೆ ಇಳಿಯುವಾಗ ಬಾಗಿಲಲ್ಲಿ ನಿಂತವರನ್ನು ಸೀಳಿಕೊಂಡು ಬರಬೇಕಿಲ್ಲ, ಎಲ್ಲರೂ ಇಳಿದ ಮೇಲೆ ನಿಧಾನವಾಗಿ ಇಳಿಸಬಹುದು. ಪೂರ್ವಕ್ಕೆ ಹೊರಬಂದು ರಿಕ್ಷಾ ಹಿಡಿಯಿರಿ.

ಗೇಟಿನಿಂದ ಗುಹೆಗಳಿಗೆ ಆರೇಳು ಕಿಲೋಮೀಟರ್. ಆ ದಾರಿಯನ್ನು ನಡೆದು ಮುಗಿಸುವ ಹುಮ್ಮಸ್ಸು ತೋರಿಸಬೇಡಿ, ಗುಹೆ ತಲುಪುವಷ್ಟರಲ್ಲಿ ಕಾಲಿನ ಶಕ್ತಿ ಖರ್ಚಾಗಿರುತ್ತದೆ. ಬಸ್ಸಿನಲ್ಲಿ ಹೋಗಿ, ಶಕ್ತಿಯನ್ನು ಮೇಲಿನ ಮೆಟ್ಟಿಲುಗಳಿಗೆ ಉಳಿಸಿಕೊಳ್ಳಿ. ಉದ್ಯಾನದ ಟಿಕೆಟ್ ಬೇರೆ, ಗುಹೆಗಳ ಬಳಿ ಪುರಾತತ್ವ ಇಲಾಖೆಯ ಟಿಕೆಟ್ ಬೇರೆ.

ಪ್ರತಿಯೊಬ್ಬರಿಗೂ ಕನಿಷ್ಠ ಒಂದು ಲೀಟರ್ ನೀರು ಬೇಕು. ತಿಂಡಿಯನ್ನು ಜಿಪ್ ಇರುವ ಬಟ್ಟೆ ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಳ್ಳಿ. ಪ್ಲಾಸ್ಟಿಕ್ ಕೈಚೀಲ ಕಂಡರೆ ಕೋತಿಗಳು ಕಿತ್ತುಕೊಳ್ಳುತ್ತವೆ, ಆ ಎಳೆದಾಟದಲ್ಲಿ ಹಿರಿಯರು ಆಯ ತಪ್ಪುತ್ತಾರೆ. ಅಡಿ ಸವೆದ ಚಪ್ಪಲಿ ಬಂಡೆಯ ಮೇಲಿನ ಸಣ್ಣ ಮರಳಿನಲ್ಲಿ ಜಾರುತ್ತದೆ. ಒರಟು ರಬ್ಬರ್ ಅಡಿಯ ಬೂಟು, ತುದಿಗೆ ರಬ್ಬರ್ ಇರುವ ಕೋಲು ಇರಲಿ. ಗುಹೆಯ ಕತ್ತಲೆಗೆ ಟಾರ್ಚ್ ಬೇಕು.

ನೂರಕ್ಕೂ ಹೆಚ್ಚು ಗುಹೆಗಳಿವೆ. ಎಲ್ಲವನ್ನೂ ನೋಡಬೇಕೆಂಬ ಹಟ ಬಿಟ್ಟರೆ ಮಾತ್ರ ಈ ನಡಿಗೆ ಸುಖ. ಟಿಕೆಟ್ ಕಟ್ಟೆ ದಾಟಿ ಕೆಲವೇ ಮೆಟ್ಟಿಲೇರಿದರೆ ಅರ್ಧಕ್ಕೆ ನಿಂತ 1ನೇ ಗುಹೆ, ಪಕ್ಕದಲ್ಲೇ 3ನೆಯದು. ಇದು ಚೈತ್ಯಗೃಹ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರ: ಎರಡು ಸಾಲು ಕಂಬ, ಕೊನೆಯಲ್ಲಿ ಸ್ತೂಪ, ಮೊಗಸಾಲೆಯ ಎರಡೂ ಬದಿಗೆ ಸುಮಾರು 7 ಮೀಟರ್ ಎತ್ತರದ ನಿಂತ ಬುದ್ಧ. ಒಳಗೆ ತಂಪು. ಅಮ್ಮ ಇಲ್ಲಿ ಅರ್ಧ ಗಂಟೆ ಕುಳಿತರೂ ಅವಸರ ಮಾಡಬೇಡಿ.

ಮೊಣಕಾಲು ಒಪ್ಪಿದರೆ 11ನೇ ಗುಹೆಗೆ ಹತ್ತಿ. ದರ್ಬಾರ್ ಎನ್ನುವ ಈ ಸಭಾಂಗಣದ ನಡುವೆ ಉದ್ದಕ್ಕೂ ಎರಡು ತಗ್ಗಾದ ಕಲ್ಲುಪೀಠಗಳಿವೆ. ಎಲ್ಲೋರದ 5ನೇ ಗುಹೆಯಲ್ಲಿ ಇಂಥವೇ ಕಾಣುತ್ತವೆ. ಕನ್ನಡಿಗರಿಗೆ ಕಾನ್ಹೇರಿ ಇನ್ನೊಂದು ಕಾರಣಕ್ಕೆ ಹತ್ತಿರ. ಇಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ಮಳಖೇಡದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ. ಕೊಂಕಣವನ್ನು ಅವನ ಕೈಕೆಳಗೆ ಶಿಲಾಹಾರರು ಆಳುತ್ತಿದ್ದರು. ಕಲಬುರಗಿ ಸೀಮೆಯ ದೊರೆಯ ಹೆಸರು ಬೊರಿವಲಿಯ ಬಂಡೆಯಲ್ಲಿದೆ ಎಂದರೆ ಊರಿನಿಂದ ಬಂದವರ ಕಣ್ಣು ಅರಳುತ್ತದೆ.

ದಾರಿಯುದ್ದಕ್ಕೂ ಬಂಡೆಯಲ್ಲಿ ಕೊರೆದ ಸಣ್ಣ ಕಾಲುವೆಗಳನ್ನೂ ತೋರಿಸಿ. ಮಳೆನೀರನ್ನು ಅವು ಗುಹೆ ಪಕ್ಕದ ತೊಟ್ಟಿಗಳಿಗೆ ಇಳಿಸುತ್ತಿದ್ದವು, ಭಿಕ್ಷುಗಳ ಬೇಸಿಗೆ ಅದರಲ್ಲೇ ಕಳೆಯುತ್ತಿತ್ತು. ಈಗ ಆ ನೀರು ಕುಡಿಯಲು ಬೇಡ. ಇನ್ನೂ ಮೇಲಿರುವ 90ನೇ ಗುಹೆಯಲ್ಲಿ 11ನೇ ಶತಮಾನದ ಪಾರ್ಸಿ ಯಾತ್ರಿಕರು ಪಹ್ಲವಿ ಎಂಬ ಹಳೆಯ ಇರಾನಿ ಲಿಪಿಯಲ್ಲಿ ಕೊರೆದ ಬರಹವಿದೆ. ಅದು ಗಟ್ಟಿ ಕಾಲಿನವರಿಗೆ.

ಹನ್ನೊಂದರ ಹೊತ್ತಿಗೆ ಕರಿಬಂಡೆ ಕಾಯತೊಡಗುತ್ತದೆ, ಅಷ್ಟರೊಳಗೆ ಇಳಿಯಲು ಶುರುಮಾಡಿ. ಮೊಣಕಾಲಿಗೆ ಪೆಟ್ಟು ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಮೆಟ್ಟಿಲು ಸವೆದು ಓರೆಯಾಗಿವೆ, ಎತ್ತರವೂ ಒಂದೇ ಸಮ ಇಲ್ಲ. ಮೊದಲು ಕೋಲು, ಆಮೇಲೆ ನೋವಿರುವ ಕಾಲು, ಕೊನೆಗೆ ಇನ್ನೊಂದು. ಹತ್ತುವಾಗ ನೋವಿಲ್ಲದ ಕಾಲು ಮೊದಲು. ಇಳಿಯುವಾಗ ಜೊತೆಗಿರುವವರು ಹಿಂದೆ ನಿಲ್ಲದೆ ಒಂದು ಮೆಟ್ಟಿಲು ಕೆಳಗೆ, ಪಕ್ಕದಲ್ಲಿರಬೇಕು. ಕೈಯನ್ನು ಬಿಗಿಯಾಗಿ ಹಿಡಿದು ಎಳೆಯಬೇಡಿ. ನಿಮ್ಮ ತೋಳನ್ನು ಅವರೇ ಹಿಡಿದುಕೊಳ್ಳಲಿ, ಆಗ ಹೆಜ್ಜೆಯ ವೇಗ ಅವರದಾಗಿರುತ್ತದೆ. ಕೆಳಗೆ ಬಸ್ಸು ತುಂಬುವವರೆಗೆ ಕಾಯಬೇಕಾಗಬಹುದು, ಕೊನೆಯ ಕಾಲು ಲೀಟರ್ ನೀರನ್ನು ಆ ಹೊತ್ತಿಗೆಂದೇ ಇಟ್ಟುಕೊಳ್ಳಿ.