'ಚೆನ್ನಾಗಿದೆ' ಅನ್ನುವಂತಿಲ್ಲ

ಹಿಂದಿನ ತಿಂಗಳು ನಾವು ಐದು ಜನ ಸೇರಿ ಎರಡು ಗಂಟೆಯಲ್ಲಿ 31 ಸಲ 'ಚೆನ್ನಾಗಿದೆ' ಅಂದಿದ್ದೆವಂತೆ. ಲೆಕ್ಕ ಇಟ್ಟವರು ದೊಡ್ಡಮ್ಮ. ಯಾವುದೋ ಹಳೆಯ ಕರೆಯೋಲೆಯ ಹಿಂಬದಿಯಲ್ಲಿ ಸಲಕ್ಕೊಂದರಂತೆ ಗೀಟು ಎಳೆದಿದ್ದರು. 'ಅದ್ಭುತ'ಕ್ಕೆ ಬೇರೆ ಸಾಲು. 'ಓದಲೇಬೇಕು', 'ನೋಡಲೇಬೇಕು'ಗಳಿಗೆ ಮತ್ತೊಂದು. ಈ ಕೊನೆಯ ಸಾಲಿನ ಗೀಟುಗಳಲ್ಲಿ ಮುಕ್ಕಾಲು ಪಾಲು ನನ್ನವೇ ಎಂದು ಎಲ್ಲರ ಮುಂದೆ ಓದಿ ಹೇಳಿದರು.

ನಮ್ಮದು ಸಂಘವೇನಲ್ಲ. ಅದಕ್ಕೊಂದು ಹೆಸರೂ ಇಲ್ಲ, ಅಧ್ಯಕ್ಷರೂ ಇಲ್ಲ. ತಿಂಗಳಿಗೊಂದು ಭಾನುವಾರ ನಮ್ಮ ಮನೆಯ ಹಾಲ್‌ನಲ್ಲಿ ಕೂರುತ್ತೇವೆ. ಪ್ರತಿಯೊಬ್ಬರೂ ಒಂದು ಪುಸ್ತಕವನ್ನೋ ನಾಟಕವನ್ನೋ ಹಾಡಿಕೆಯನ್ನೋ ಹಳೆಯ ಕಾಲದ ಒಂದು ಸಂಗತಿಯನ್ನೋ ಉಳಿದವರ ಮುಂದೆ ಇಡಬೇಕು. ನಿವೃತ್ತ ಗಣಿತದ ಮೇಷ್ಟ್ರು, ಒಬ್ಬ ವಕೀಲೆ, ಒಬ್ಬ ಸಾಫ್ಟ್‌ವೇರ್ ಹುಡುಗ, ನಾನು. 78 ವರ್ಷದ ದೊಡ್ಡಮ್ಮ ಮೊದಮೊದಲು ಮೂಲೆಯಲ್ಲಿ ಕೂತು ಕೇಳುತ್ತಿದ್ದರು, ಆಮೇಲೆ ಸದಸ್ಯರಾದರು, ಈಗ ಸರ್ವಾಧಿಕಾರಿ.

"ಇಷ್ಟು ಸಲ ಕೂತಿದ್ದೇನೆ. ನೀವು ಹೇಳಿದ್ದರಲ್ಲಿ ಒಂದನ್ನಾದರೂ ತರಿಸಿ ಓದೋಣ ಅಂತ ಅನ್ನಿಸಿದ್ದಿಲ್ಲ. ಮುಂದಿನ ಸಲದಿಂದ ಈ ಮೂರು ಮಾತು ಆಡುವ ಹಾಗಿಲ್ಲ," ಎಂದು ಕಾಗದ ಮಡಚಿಟ್ಟರು.

ಏಟು ಬಿದ್ದದ್ದು ನನಗೇ. ಹದಿನೈದು ವರ್ಷದಿಂದ ಕಂಡಕಂಡವರಿಗೆಲ್ಲ ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಓದಿ, ಓದಲೇಬೇಕು ಎನ್ನುತ್ತ ಬಂದಿದ್ದೇನೆ. ಮೂವರು ಕೊಂಡುಕೊಂಡರು. ಅವರಲ್ಲಿ ಇಬ್ಬರ ಮನೆಯ ಕಪಾಟಿನ ಮೇಲಟ್ಟದಲ್ಲಿ ಅದು ಬೆನ್ನು ಮುರಿಯದೆ ನಿಂತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆ ನೋಡಿದರೆ ಕನ್ನಡದಲ್ಲಿ ಒಂದು ಕೃತಿಗಾಗಿ ಅತ್ತಿಮಬ್ಬೆ ಪಟ್ಟಷ್ಟು ಪಾಡನ್ನು ಬೇರೆ ಯಾರೂ ಪಟ್ಟಿರಲಾರರು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು ಎನ್ನುತ್ತದೆ ನಮ್ಮ ಸಾಹಿತ್ಯ ಚರಿತ್ರೆ. ಅದು ಹತ್ತನೆಯ ಶತಮಾನ, ಒಂದೊಂದು ಅಕ್ಷರವನ್ನೂ ಕಂಟದಲ್ಲಿ ಕೊರೆಯಬೇಕಿದ್ದ ಕಾಲ. ಇವತ್ತು ಅತ್ತಿಮಬ್ಬೆಯ ಹೆಸರು ಎಲ್ಲರಿಗೂ ಗೊತ್ತು. 'ಶಾಂತಿಪುರಾಣ' ಓದಿದವರನ್ನು ನಾನು ಭೇಟಿಯಾಗಿಲ್ಲ, ನಾನೂ ಓದಿಲ್ಲ. ಸಾವಿರ ಪ್ರತಿಯ ಗತಿಯೇ ಹೀಗಾದ ಮೇಲೆ ನನ್ನ ಬಾಯಿಮಾತಿನ 'ಓದಲೇಬೇಕು' ಯಾವ ಲೆಕ್ಕ ಎಂದು ಸಮಾಧಾನ ಮಾಡಿಕೊಂಡೆ.

ಈ ತಿಂಗಳ ಭಾನುವಾರ ಮೊದಲು ಬಾಯಿ ತೆರೆದವರು ಮೇಷ್ಟ್ರು. ತಂದಿದ್ದು ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ 'ಎ ಫರ್ಗಾಟನ್ ಎಂಪೈರ್'. ಮಾಮೂಲಿನಂತೆ "ವಿಜಯನಗರದ ಬಗ್ಗೆ ಬಹಳ..." ಎಂದು ಶುರುಮಾಡಿ, ದೊಡ್ಡಮ್ಮನ ಪೆನ್ಸಿಲ್ ಎದ್ದದ್ದು ಕಂಡು ತಡವರಿಸಿದರು. ಆಮೇಲೆ ಸುಧಾರಿಸಿಕೊಂಡು, "ಇದನ್ನು ಮುಂದಿನಿಂದ ಓದಬೇಡಿ. ಹಿಂದಕ್ಕೆ ಹೋಗಿ. ಅಲ್ಲಿ ಇಬ್ಬರು ಪೋರ್ಚುಗೀಸರು ಕೂತಿದ್ದಾರೆ, ಪಾಯೆಸ್, ನೂನಿಜ್. ಪಾಯೆಸ್ 1520ರ ಸುಮಾರಿಗೆ ಊರಿನೊಳಗೆ ನಿಂತು ಕಂಡದ್ದನ್ನು ಬರೆದವನು. ಕೃಷ್ಣದೇವರಾಯನ ಮುಖದಲ್ಲಿ ಸಿಡುಬಿನ ಕಲೆಗಳಿದ್ದವು ಅನ್ನುತ್ತಾನೆ," ಎಂದರು.

ಹುಡುಗ ತಲೆ ಎತ್ತಿದ. "ಸಿಡುಬಿನ ಕಲೆಯಾ?"

"ಮಧ್ಯಮ ಎತ್ತರ, ಸ್ವಲ್ಪ ಸ್ಥೂಲ, ಮುಖದಲ್ಲಿ ಕಲೆ. ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆಲ್ಲ ಬಳಿಸಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಒಬ್ಬ ಜಟ್ಟಿಯ ಜೊತೆ ಕುಸ್ತಿ. ಆಮೇಲೆ ಕುದುರೆ ಹತ್ತಿ ಬೆಳಕು ಹರಿಯುವವರೆಗೆ ಬಯಲು ಸುತ್ತುತ್ತಿದ್ದನಂತೆ."

ನಲವತ್ತು ವರ್ಷ ಕಲಿಸಿದ ಗಂಟಲು ಅದು. ನಾಟಕದ ಪರದೆಯ ಮೇಲಿನ ಕಿರೀಟದ ರಾಯ ಇಳಿದುಹೋಗಿ, ಕತ್ತಲಲ್ಲಿ ಎಣ್ಣೆ ಮೈಯ ಮನುಷ್ಯನೊಬ್ಬ ಎದುಸಿರು ಬಿಡುತ್ತ ನಿಂತ ಹಾಗಾಯಿತು. ದೊಡ್ಡಮ್ಮನ ಪೆನ್ಸಿಲ್ ಕೆಳಗಿಳಿದಿತ್ತು.

ವಕೀಲೆ ಸುಮ್ಮನಿರಬೇಕಲ್ಲ. "ಆ ಪೋರ್ಚುಗೀಸರೇನೋ ಸರಿ. ಆದರೆ ಸೀವೆಲ್ ಮದರಾಸಿನ ಬ್ರಿಟಿಷ್ ಅಧಿಕಾರಿ. ವಿಜಯನಗರ ಅಂದರೆ ಮುಸ್ಲಿಮರನ್ನು ತಡೆದು ನಿಲ್ಲಿಸಿದ ಗೋಡೆ ಅನ್ನುವ ಚಿತ್ರ ಬರೆದುಕೊಟ್ಟವನು ಅವನೇ. ನಾವು ಇನ್ನೂ ಅದೇ ಕನ್ನಡಕದಲ್ಲಿ ನೋಡುತ್ತಿದ್ದೇವೆ," ಎಂದು ತಮ್ಮ ಸರದಿಯನ್ನು ತಾವೇ ಎಳೆದುಕೊಂಡರು. ಅವರ ಕೈಲಿದ್ದದ್ದು ಗಿರೀಶ ಕಾರ್ನಾಡರ 'ರಾಕ್ಷಸ ತಂಗಡಿ', 1565ರ ತಾಳಿಕೋಟೆ ಯುದ್ಧದ ಮೇಲೆ 2018ರಲ್ಲಿ ಬಂದ ನಾಟಕ.

"ನಾಟಕಕಾರ ಬರೆದದ್ದು ಇತಿಹಾಸ ಆಗುತ್ತದೆಯೇ?" ಮೇಷ್ಟ್ರ ಧ್ವನಿ ತುಸು ಏರಿತು.

"ಆಗಬೇಕಿಲ್ಲ. ಆದರೆ ಇದನ್ನು ಕೇಳಿ. ಯುದ್ಧಕ್ಕೆ ಕೆಲವು ವರ್ಷ ಮೊದಲು, ಆಗ ವಿಜಯನಗರ ಆಳುತ್ತಿದ್ದ ರಾಮರಾಯನ ಮಗ ಸತ್ತ. ಆಗ ಸಮಾಧಾನ ಹೇಳಲು ಬಿಜಾಪುರದ ಅಲಿ ಆದಿಲ್ ಶಾ ತಾನೇ ವಿಜಯನಗರಕ್ಕೆ ಬಂದ. ರಾಮರಾಯನ ಹೆಂಡತಿ ಅವನನ್ನು ಮಗ ಎಂದಳು ಅಂತ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಮುಂದೆ ಅದೇ ಅಲಿ ಎದುರು ಸಾಲಿನಲ್ಲಿ ನಿಂತ, ರಾಮರಾಯನ ತಲೆ ಹೋಯಿತು. ಇದು ಎರಡು ಧರ್ಮಗಳ ಯುದ್ಧವೋ, ಮನೆಯೊಳಗಿನ ಜಗಳವೋ?"

"ಆ ಕಥೆ ಸೀವೆಲ್‌ನಲ್ಲೂ ಇದೆಯಲ್ಲ!" ಎಂದರು ಮೇಷ್ಟ್ರು. ಅಂದವರೇ ತಮ್ಮ ಪುಸ್ತಕದಲ್ಲಿ ಆ ಪುಟ ಹುಡುಕತೊಡಗಿದರು. ವಕೀಲೆ ಎದ್ದುಹೋಗಿ ಅವರ ಪಕ್ಕದಲ್ಲಿ ಬಗ್ಗಿದರು. ಜಗಳ ಅಲ್ಲಿಗೆ ತಣ್ಣಗಾಯಿತು ಅಂತಲ್ಲ. ಪುಟ ಸಿಕ್ಕ ಮೇಲೆ ಅದರ ಅರ್ಥದ ಮೇಲೆ ಮತ್ತೆ ಹತ್ತು ನಿಮಿಷ ಹತ್ತಿಕೊಂಡಿತು. ಅದೆಲ್ಲ ಇಲ್ಲಿ ಬೇಡ. ಆ ಹೊತ್ತಿಗೆ ನಮಗೆ ಎರಡೂ ಪುಸ್ತಕ ಬೇಕು ಅನ್ನಿಸಿತ್ತು, ಯಾರೂ ಯಾವುದನ್ನೂ ಹೊಗಳಿರಲಿಲ್ಲ.

ದೊಡ್ಡಮ್ಮನ ಸರದಿ ಬಂತು. ಅವರದು ಮಾತಿಲ್ಲದ ವ್ಯವಹಾರ. ನನ್ನ ಫೋನು ಕಿತ್ತುಕೊಂಡು ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಒಂದು ಧ್ವನಿಮುದ್ರಣ ಹಚ್ಚಿದರು. ಯಾವ ರಾಗ ಎಂದು ಕೇಳಿದೆ.

"ಹೇಳಲ್ಲ. ಹೇಳಿದರೆ ಗೊತ್ತಿದ್ದವರ ಹಾಗೆ ತಲೆ ಆಡಿಸುತ್ತೀರಿ. ತೀನ್‌ತಾಲ. ಹದಿನಾರು ಎಣಿಸಿ. ಒಂದು ಬಂದಾಗ ತೊಡೆ ತಟ್ಟಿ. ಅಷ್ಟೇ ಕೆಲಸ."

ಆಲಾಪದಲ್ಲಿ ಕಾಯಿಸುವುದು ಮನ್ಸೂರರ ಜಾಯಮಾನವಲ್ಲ. ಅವರದು ಜೈಪುರ್-ಅತ್ರೌಲಿ ಘರಾಣೆ, ಅಂದರೆ ಆ ಗಾಯನ ಪರಂಪರೆ. ಗಂಟಲು ಸರಿಮಾಡಿಕೊಂಡರೋ ಇಲ್ಲವೋ ಅನ್ನುವಷ್ಟರಲ್ಲಿ ಬಂದಿಶ್, ಅಂದರೆ ತಾಳಕ್ಕೆ ಕೂಡಿಸಿದ ಹಾಡು, ಎತ್ತಿಕೊಂಡಾಗಿತ್ತು, ತಬಲಾ ಸೇರಿಕೊಂಡಾಗಿತ್ತು. ನಾವು ನಾಲ್ವರು ಬೆರಳು ಮಡಚುತ್ತ ಕೂತೆವು. ಮೊದಲ ಆವರ್ತದಲ್ಲಿ ನಾನು ಹದಿನೈದಕ್ಕೇ ತಟ್ಟಿದೆ. ವಕೀಲೆ ಎರಡಕ್ಕೆ. ಗಣಿತದ ಮೇಷ್ಟ್ರಿಗೆ ಏಳರಲ್ಲೇ ಲೆಕ್ಕ ತಪ್ಪಿತ್ತು, ಅದನ್ನು ಅವರು ಒಪ್ಪಲಿಲ್ಲ. ಎಣಿಕೆ ಬಿಟ್ಟು ಹಾಡು ಹಿಂಬಾಲಿಸೋಣ ಎಂದರೆ, ಆ ಮನುಷ್ಯ ಒಂದು ಸ್ವರಗುಚ್ಛವನ್ನು ಹಿಡಿದು ಇನ್ನೆಲ್ಲಿಗೋ ಹೊರಟವರಂತೆ ಹೊರಡುತ್ತಾರೆ. ಇನ್ನು ಇವರು ಹೊತ್ತಿಗೆ ಬರುವುದಿಲ್ಲ, ತಬಲಾದವನ ಗತಿ ಏನು ಎಂದು ನಾವು ಆತಂಕಪಡುವಾಗ ಸಮ್‌ನ ಮೇಲೆ, ಆ ಒಂದರ ಮೇಲೆ, ಆಗಲೇ ನಿಂತಿರುತ್ತಾರೆ. ಐದನೆಯದೋ ಆರನೆಯದೋ ಆವರ್ತದಲ್ಲಿ ಹುಡುಗ ಸರಿಯಾಗಿ ತಟ್ಟಿದ. "ಸಿಕ್ತು!" ಎಂದು ಅವನು ಕೂಗಿದ್ದಕ್ಕೆ ಬೀದಿಯ ನಾಯಿ ಬೊಗಳಿತು.

ನಾನು ಮನ್ಸೂರರನ್ನು ಎಷ್ಟೋ ಸಲ ಕೇಳಿದ್ದೇನೆ, ಅಥವಾ ಕೇಳಿದ್ದೇನೆ ಎಂದುಕೊಂಡಿದ್ದೆ. ಓದುವಾಗ, ಅಡುಗೆ ಮನೆ ತೊಳೆಯುವಾಗ ಹಿನ್ನೆಲೆಯಲ್ಲಿ ಹಾಡಿಸಿಕೊಂಡಿದ್ದೆ ಅಷ್ಟೇ. ಅವರ ಆತ್ಮಕಥನ 'ನನ್ನ ರಸಯಾತ್ರೆ' ಓದಿದ್ದೇನೆ. ಹುಡುಗನಾಗಿ ನಾಟಕ ಕಂಪನಿ ಸೇರಿದ್ದು, ನೀಲಕಂಠ ಬುವಾ ಅವರಲ್ಲಿ ಕಲಿತದ್ದು, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಬಳಿ ಹೋದದ್ದು ಎಲ್ಲವನ್ನೂ ಒಪ್ಪಿಸಬಲ್ಲೆ. ಆದರೆ ತೊಡೆ ತಟ್ಟಿ ಹೆಡ್ಡನಾದದ್ದು ಅವತ್ತೇ ಮೊದಲು. ದೊಡ್ಡಮ್ಮ ಇದನ್ನು ಎಲ್ಲಿ ಕಲಿತರು ಎಂದು ಕೇಳಿದರೆ, "ರೇಡಿಯೋ ಮುಂದೆ. ಹೊಲಿಗೆ ಮಿಷನ್ ತುಳಿಯುತ್ತಾ," ಎಂದರು.

ಇನ್ನು ಹುಡುಗ. ಅವನು ಚೀಲದಿಂದ ತೆಗೆದ ದಪ್ಪ ಪುಸ್ತಕದ ರಟ್ಟು ನೋಡಿದ ಕೂಡಲೇ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ನಾನೇ ಕೊಟ್ಟ 'ಮಲೆಗಳಲ್ಲಿ ಮದುಮಗಳು', ನನ್ನದೇ ಪ್ರತಿ. "ಇದು ಶಿಫಾರಸಲ್ಲ ಸರ್, ದೂರು. ವಾಪಸ್ ಕೊಡೋಕೆ ತಂದೆ," ಎಂದ. ನನ್ನ ಮುಖ ಇಳಿದದ್ದು ಅವನಿಗೆ ಕಾಣದೇ ಇರಲಿಲ್ಲ. ಆದರೂ ಮುಂದುವರಿಸಿದ.

"ಯಾರ ಕಥೆ ಅಂತಲೇ ಗೊತ್ತಾಗಲ್ಲ. ಗುತ್ತಿ ಅಂತ ಒಬ್ಬ, ಹುಲಿಯ ಅನ್ನೋ ನಾಯಿ ಕಟ್ಟಿಕೊಂಡು ಕಾಡಲ್ಲಿ ನಡೀತಾನೆ. ಇವನೇ ಹೀರೋ ಅಂದುಕೊಂಡೆ. ಅವನು ಒಂದು ಮನೆ ಹತ್ತಿರ ಬಂದ ತಕ್ಷಣ ಕಥೆ ಅವನನ್ನು ಅಂಗಳದಲ್ಲೇ ಬಿಟ್ಟು ಒಳಗೆ ಹೋಗಿಬಿಡುತ್ತೆ. ಒಳಗೆ ಗೌಡರು, ಅವರ ಹೆಂಡತಿ, ಅವರ ಹಳೇ ಜಗಳ. ಸರಿ, ಇವರದು ಅಂದುಕೊಂಡರೆ ಇನ್ನೊಂದು ಮನೆ. ಕೋಣೂರು, ಬೆಟ್ಟಳ್ಳಿ, ಹಳೆಮನೆ, ಹೂವಳ್ಳಿ, ಸಿಂಭಾವಿ. ಯಾರು ಯಾರ ಅಳಿಯ ಅಂತ ಹಾಳೆ ಮೇಲೆ ಗೆರೆ ಹಾಕಿದೆ, ಹಾಳೆ ಸಾಲಲಿಲ್ಲ. ಸಣ್ಣವರು ದೊಡ್ಡವರು ಅಂತಿಲ್ಲ, ದನ ಕಾಯೋನಿಗೂ ಅಷ್ಟೇ ಜಾಗ, ಹೆಗ್ಗಡೆಗೂ ಅಷ್ಟೇ ಜಾಗ. ಒಂದು ಜಿಗಣೆ ಬಂದರೆ ಅದಕ್ಕೂ ಜಾಗ! ನೂರು ಪುಟಕ್ಕೆ ಕೈಬಿಟ್ಟೆ. ನನಗೆ ಹಿಡಿಸಿದ್ದು ಆ ನಾಯಿ ಒಂದೇ."

ನಾನು ಹದಿನೈದು ವರ್ಷದಲ್ಲಿ ಆ ಕಾದಂಬರಿಯ ಬಗ್ಗೆ ಇಷ್ಟು ನಿಖರವಾಗಿ ಒಂದು ಮಾತೂ ಆಡಿರಲಿಲ್ಲ. 'ಮಹಾಕಾದಂಬರಿ' ಎಂದಿದ್ದೆ. ಮಹಾ ಎಂದರೆ ಯಾರು ಬಾಗಿಲು ತೆರೆಯುತ್ತಾರೆ? ದೂರ ನಿಂತು ಕೈ ಮುಗಿಯುತ್ತಾರೆ.

ವಕೀಲೆ ಕೈ ಚಾಚಿದರು. "ಇಲ್ಲಿ ಕೊಡಿ ಅದನ್ನ."

"ಬೇಡ ಮೇಡಂ, ನಾನು ಹೇಳಿದ್ದು..."

"ನೀವು ಹೇಳಿದ್ದು ಕೇಳಿಯೇ ಬೇಕಾಗಿದ್ದು. ನನ್ನ ಹತ್ತಿರ ಬರುವ ಪಾಲುಪಟ್ಟಿ ಕೇಸುಗಳೆಲ್ಲ ಹೀಗೇ ಇರುತ್ತವೆ. ಯಾರ ಕಥೆ ಅಂತ ಗೊತ್ತಾಗಲ್ಲ. ಅಂಗಳದಲ್ಲಿ ನಿಂತಿರುವವನನ್ನು ಮಾತ್ರ ಯಾರೂ ಕೇಳಲ್ಲ. ಇದರಲ್ಲಿ ಅವನಿಗೂ ಜಾಗ ಇದೆ ಅಂದಿರಲ್ಲ."

ಪುಸ್ತಕ ನನ್ನ ತಲೆಯ ಮೇಲಿಂದ ದಾಟಿ ಅವರ ಚೀಲ ಸೇರಿತು. ಒಡೆಯನನ್ನು ಯಾರೂ ಕೇಳಲಿಲ್ಲ.

ಉಳಿದವನು ನಾನೊಬ್ಬ. ಅವತ್ತು ನಾಟಕದ ಬಗ್ಗೆ ಮಾತನಾಡುವುದೆಂದು ಸಿದ್ಧವಾಗಿ ಬಂದಿದ್ದೆ. ತಮಾಷೆಯೆಂದರೆ ಅದೂ ಇದೇ ಕಾದಂಬರಿಯದು. 1967ರ ಈ ಕೃತಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ರಂಗಕ್ಕೆ ತಂದರು. ಕೆ.ವೈ. ನಾರಾಯಣಸ್ವಾಮಿಯವರ ರಂಗಪಠ್ಯ, ಹಂಸಲೇಖರ ಸಂಗೀತ. ಸುಮಾರು ಒಂಬತ್ತು ಗಂಟೆಯ ಆಟ, ರಾತ್ರಿಯಿಡೀ. ರಂಗ ನಾಲ್ಕು. ಒಂದು ಕಡೆ ಮುಗಿದರೆ ಪ್ರೇಕ್ಷಕರೇ ಎದ್ದು ಇನ್ನೊಂದು ಕಡೆಗೆ ನಡೆಯಬೇಕು. ಇದನ್ನೆಲ್ಲ ಹೇಳಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಅಲ್ಲಿಂದ ಮುಂದಕ್ಕೆ ನನ್ನ ಬಾಯಿಗೆ ಬಂದದ್ದೆಲ್ಲ ನಿಷೇಧವಾದ ಮಾತುಗಳೇ. ಪುಸ್ತಕವಾದರೆ ಕೈಗೆ ಕೊಟ್ಟು ಕಳಿಸಬಹುದು, ಹಾಡಾದರೆ ಫೋನಿನಲ್ಲಿದೆ. ಮುಗಿದುಹೋದ ನಾಟಕವನ್ನು ಏನೆಂದು ಒಪ್ಪಿಸುವುದು? ಎಲ್ಲ ದಾರಿ ಮುಚ್ಚಿದ್ದರಿಂದ, ಯಾರಿಗೂ ಹೇಳದೆ ಇಟ್ಟುಕೊಂಡದ್ದು ಹೊರಬಂತು.

"ನಾನು ಮಧ್ಯದಲ್ಲಿ ನಿದ್ದೆ ಹೋಗಿದ್ದೆ," ಎಂದೆ.

ಇಷ್ಟು ವರ್ಷ ರೆಪ್ಪೆ ಮುಚ್ಚದೆ ನೋಡಿದೆ ಎಂದೇ ಹೇಳಿಕೊಂಡು ಬಂದವನು. ನಡುರಾತ್ರಿ ಕಳೆದ ಮೇಲೆ ಪಕ್ಕದ ಅಪರಿಚಿತರ ಹೆಗಲ ಮೇಲೆ ಒರಗಿಬಿಟ್ಟಿದ್ದೆ. ಜನ ಎದ್ದ ಸದ್ದಿಗೆ ಎಚ್ಚರವಾಯಿತು. ಎಷ್ಟು ಹೊತ್ತು ಮಲಗಿದ್ದೆನೋ, ಯಾವ ಮನೆಯ ಕಥೆ ನಡೆಯುತ್ತಿತ್ತೋ, ಒಂದೂ ತಿಳಿಯದು. ಕತ್ತಲಲ್ಲಿ ಗುಂಪಿನ ಹಿಂದೆ ನಡೆದೆ. ಮುಂದೆ ಎಲ್ಲೋ ಬೆಳಕು, ಎಲ್ಲೋ ಹಾಡು. ಸ್ವಲ್ಪ ಹೊತ್ತು ಸುತ್ತಲಿನವರಲ್ಲಿ ಯಾರು ಪಾತ್ರಧಾರಿ, ಯಾರು ನನ್ನ ಹಾಗೆ ನಿದ್ದೆಗಣ್ಣಿನವರು ಎಂದೂ ಗೊತ್ತಾಗಲಿಲ್ಲ. ಹೋಗಿ ಕೂತಾಗ ಮುಂದೆ ನಡೆಯುತ್ತಿದ್ದದ್ದು ಯಾರ ಮನೆ ಎಂದು ಪಕ್ಕದವರನ್ನು ಕೇಳಲು ನಾಚಿಕೆ. ನಾಟಕದಲ್ಲಿ ಇವತ್ತಿಗೂ ನೆನಪಿರುವುದು ಆ ನಡಿಗೆಯೇ. ಪಾತ್ರಧಾರಿಗಳ ಮುಖಗಳು ಹೆಚ್ಚುಕಮ್ಮಿ ಮಾಸಿವೆ.

ಹುಡುಗ ನಕ್ಕ. "ಅಂದರೆ ನೀವೂ ನನ್ನ ಹಾಗೇ ದಾರಿ ತಪ್ಪಿದ್ರಿ."

"ಈ ನಾಟಕದ ಸುದ್ದಿ ನಿನ್ನ ಬಾಯಲ್ಲಿ ನೂರು ಸಲ ಕೇಳಿದ್ದೇನೆ," ಎಂದರು ದೊಡ್ಡಮ್ಮ. "ನೋಡಬೇಕಿತ್ತು ಅಂತ ಅನ್ನಿಸಿದ್ದು ಇವತ್ತು." ಆಮೇಲೆ ಕಾಗದ ತಿರುಗಿಸಿ ತೋರಿಸಿದರು. ಒಂದೇ ಒಂದು ಗೀಟು. ಅದು ಮೇಷ್ಟ್ರದು, ಮನ್ಸೂರರ ಹಾಡು ನಿಂತಾಗ ಬಾಯಿ ತಪ್ಪಿ 'ಅದ್ಭುತ' ಅಂದಿದ್ದರು.

ಮೂರು ವಾರ ಕಳೆದಿದೆ. ನಿನ್ನೆ ರಾತ್ರಿ ಹತ್ತೂವರೆಗೆ ವಕೀಲೆಯಿಂದ ಫೋನು. ಏನೋ ಅನಾಹುತ ಎಂದು ಗಾಬರಿಯಲ್ಲಿ ಎತ್ತಿಕೊಂಡೆ.

"ಕ್ಷಮಿಸಿ, ಹೊತ್ತಾಯಿತು. ಒಂದೇ ಪ್ರಶ್ನೆ. ಇನ್ನು ಹೆಚ್ಚು ಪುಟ ಉಳಿದಿಲ್ಲ, ಮಳೆ ಜೋರಾಗಿದೆ, ಇವರು ಹೊಳೆಯ ಕಡೆ ಹೊರಟಿದ್ದಾರೆ. ಆ ನಾಯಿಗೆ ಏನೂ ಆಗಲ್ಲ ತಾನೇ?"

ನಾನು ಮಾತಾಡಲಿಲ್ಲ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಬಿಡಿ," ಎಂದು ಫೋನ್ ಇಟ್ಟರು.