ಕಾಫಿ ರೇಟ್ ಏರಿದರೆ ಒಳ್ಳೆಯದಾ?

ಡಿಗ್ರಿ ಮುಗಿಸಿದ ವರ್ಷ ಬೆಂಗಳೂರಿಗೆ ಒಂದು ಇಂಟರ್‌ವ್ಯೂಗೆ ಹೋಗಿದ್ದೆ. ಹೋಟೆಲ್‌ಗಳಿಗೆ ಕಾಫಿಪುಡಿ ಸಪ್ಲೈ ಮಾಡುವ ಕಂಪನಿ. ಬಯೋಡೇಟಾದಲ್ಲಿ ಸುಂಟಿಕೊಪ್ಪ ಅಂತ ನೋಡಿದ ಮೇಡಂ ಒಬ್ಬರು ಖುಷಿಯಿಂದ ಕೇಳಿದರು, "ಕೊಡಗಿನವರಾ? ಹಾಗಾದರೆ ಹೇಳಮ್ಮಾ, ಕಾಫಿ ರೇಟ್ ಏರಿದರೆ ನಮ್ಮ ಕಂಪನಿಗೆ ಒಳ್ಳೆಯದಾ, ಕೆಟ್ಟದ್ದಾ?"

"ಒಳ್ಳೆಯದು ಮೇಡಂ" ಅಂದುಬಿಟ್ಟೆ. ನಮ್ಮ ಮನೆಯಲ್ಲಿ ಕಾಫಿ ರೇಟ್ ಏರಿದ ದಿನ ಅಪ್ಪ ಪೇಟೆಯಿಂದ ಮೀನು ತರುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ.

ಆದರೆ ಅವರು ಕಾಫಿ ಬೆಳೆಯುವವರಲ್ಲ, ಕೊಳ್ಳುವವರು. ರೇಟ್ ಏರಿದರೆ ಅವರ ಖರ್ಚು ಏರುತ್ತದೆ. ಹೋಟೆಲಿನವರ ಜೊತೆ ಮೊದಲೇ ರೇಟ್ ಮಾತಾಡಿಕೊಂಡಿದ್ದರೆ ಮಧ್ಯದಲ್ಲಿ ಏರಿಸುವ ಹಾಗೂ ಇಲ್ಲ. ಇದೆಲ್ಲ ನನಗೆ ಹೊಳೆದಿದ್ದು ರಾತ್ರಿ ಬಸ್ಸು ಹುಣಸೂರು ದಾಟಿದ ಮೇಲೆ. ಕೆಲಸ ಸಿಗಲಿಲ್ಲ.

ಕಾಲೇಜಿನ ಪ್ಲೇಸ್‌ಮೆಂಟ್ ಕ್ಲಾಸಲ್ಲಿ "ಕಮರ್ಷಿಯಲ್ ಅವೇರ್‌ನೆಸ್ ಬೆಳೆಸಿಕೊಳ್ಳಿ" ಅಂತ ಹೇಳಿದ್ದರು, ಅಂದರೆ ವ್ಯಾಪಾರ ಹೇಗೆ ನಡೆಯುತ್ತೆ ಅನ್ನುವ ತಿಳಿವಳಿಕೆ. ಹೇಗೆ ಅಂತ ಕೇಳಿದಾಗ ದಿನಾ ಬಿಸಿನೆಸ್ ಪೇಪರ್ ಓದಿ ಅಂದಿದ್ದರು. ಓದಿದ್ದೆ. ರೆಪೋ ದರ, ಸೆನ್ಸೆಕ್ಸ್ ಎಲ್ಲ ಬಾಯಿಪಾಠ ಮಾಡಿದ್ದೆ. ಆದರೆ ಒಂದು ಬೆಲೆ ಅಲುಗಾಡಿದರೆ ಯಾರ ಜೇಬಿಗೆ ದುಡ್ಡು ಬರುತ್ತೆ, ಯಾರ ಜೇಬಿಂದ ಹೋಗುತ್ತೆ ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆ ಸಲ ಕುಯ್ಲು ಮುಗಿದು ಕಣದಲ್ಲಿ ಚೆರಿ, ಅಂದರೆ ಸಿಪ್ಪೆ ಸಮೇತ ಕಾಫಿ ಹಣ್ಣು, ಒಣಗಿತ್ತು. ಅಪ್ಪ ವ್ಯಾಪಾರಿ ಹತ್ತಿರ ಹೊರಟಾಗ ನಾನೂ ಜೀಪು ಹತ್ತಿದೆ. ನಮ್ಮದು 3 ಎಕರೆ ರೋಬಸ್ಟಾ ಜಾತಿಯ ಕಾಫಿ. ಅಲ್ಲಿಯವರೆಗೆ ಕಾಫಿ ಮಾರುವುದನ್ನು ಹತ್ತಿರದಿಂದ ನೋಡಿಯೇ ಇರಲಿಲ್ಲ.

ಅಂಗಡಿಯ ಹುಡುಗ ಚೀಲದ ನಡುವಿಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆದ. ತೇವ ಎಷ್ಟಿದೆ ಅಂತ ಮೀಟರಲ್ಲಿ ನೋಡಿದ. ಆಮೇಲೆ ಅಷ್ಟನ್ನು ತೂಗಿ, ಪುಟ್ಟ ಮೆಷಿನ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಉಳಿದ ಬೀಜವನ್ನು ಮತ್ತೆ ತೂಗಿದ. ಅಪ್ಪ ಆ ತಕ್ಕಡಿಯಿಂದ ಕಣ್ಣು ಕೀಳಲೇ ಇಲ್ಲ. ವ್ಯಾಪಾರಿ ಬೀಜವನ್ನು ಅಂಗೈಯಲ್ಲಿ ಹರಡಿ, ಕಪ್ಪಾಗಿದ್ದನ್ನೂ ಬೋರರ್ ಹುಳು ಕೊರೆದಿದ್ದನ್ನೂ ಬೆರಳಲ್ಲಿ ಪಕ್ಕಕ್ಕೆ ಸರಿಸಿದರು. "26 ಓಟಿ ಬರುತ್ತೆ" ಅಂದರು. "ಇಲ್ಲಣ್ಣ, ಸರಿಯಾಗಿ ನೋಡಿ" ಅಂದರು ಅಪ್ಪ.

ಓಟಿ ಅಂದರೆ ಔಟ್ ಟರ್ನ್. 50 ಕೆ.ಜಿ. ಒಣ ಚೆರಿ ಚೀಲದಲ್ಲಿ ಎಷ್ಟು ಕೆ.ಜಿ. ಬೀಜ ಸಿಗುತ್ತೆ ಅನ್ನುವ ಲೆಕ್ಕ. ಒಂದು ಕೆ.ಜಿ.ಗೆ ಒಂದು ಪಾಯಿಂಟ್. ಬೆಲೆ ಕಟ್ಟುವುದು ಅದರ ಮೇಲೆ. ಉದಾಹರಣೆಗೆ ಪಾಯಿಂಟ್‌ಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. 26 ಬಂದರೆ ಚೀಲಕ್ಕೆ 10,400. 28 ಬಂದರೆ 11,200. ಬರೀ ಎರಡು ಪಾಯಿಂಟ್‌ಗೆ ಚೀಲಕ್ಕೆ 800 ರೂಪಾಯಿ ವ್ಯತ್ಯಾಸ. 40 ಚೀಲಕ್ಕೆ 32,000! ಅಪ್ಪ ಹಣ್ಣು ಕಾಯಿ ಬೆರೆಸಬೇಡಿ ಅಂತ ಕುಯ್ಯುವವರ ಹಿಂದೆಯೇ ಯಾಕೆ ಓಡಾಡುತ್ತಿದ್ದರು ಅಂತ ಆವತ್ತು ಅರ್ಥವಾಯಿತು. ಮೂರು ವರ್ಷ ಬಿ.ಕಾಂ. ಓದಿ ಮಾರ್ಜಿನ್ ಅನ್ನುವ ಪದ ನೂರು ಸಲ ಬರೆದಿದ್ದೆ. ಅದು ಹೇಗಿರುತ್ತೆ ಅಂತ ಕಣ್ಣಾರೆ ಕಂಡಿದ್ದು ಆ ತಕ್ಕಡಿಯಲ್ಲಿ.

ಹಾಗಾದರೆ ಆ ಪಾಯಿಂಟ್ ರೇಟನ್ನು ಯಾರು ತೀರ್ಮಾನ ಮಾಡುತ್ತಾರೆ? ವ್ಯಾಪಾರಿಯನ್ನೇ ಕೇಳಿದೆ. ಅವರು ಮೊಬೈಲ್ ತೆಗೆದು ಲಂಡನ್ ಮಾರುಕಟ್ಟೆ ತೋರಿಸಿದರು. ರೋಬಸ್ಟಾಕ್ಕೆ ಲಂಡನ್, ಇನ್ನೊಂದು ಜಾತಿಯಾದ ಅರೇಬಿಕಾಕ್ಕೆ ನ್ಯೂಯಾರ್ಕ್. ರೋಬಸ್ಟಾ ಜಾಸ್ತಿ ಬೆಳೆಯುವುದು ವಿಯೆಟ್ನಾಂ. ಅಲ್ಲಿ ಬರ ಬಂದರೆ ನಮ್ಮಲ್ಲಿ ರೇಟ್ ಏರುತ್ತೆ. ಬೆಲೆ ಡಾಲರ್‌ನಲ್ಲಿ ಇರುವುದರಿಂದ ರೂಪಾಯಿ ಇಳಿದರೂ ನಮ್ಮ ಲೆಕ್ಕ ಬದಲಾಗುತ್ತೆ. ತಾತನ ಕಾಲದಲ್ಲಿ ಇದ್ಯಾವುದೂ ಬೇಕಿರಲಿಲ್ಲ. ಕಾಫಿಯನ್ನು ಕಾಫಿ ಬೋರ್ಡ್‌ಗೆ ಒಪ್ಪಿಸಿ ಕಂತಿನಲ್ಲಿ ದುಡ್ಡು ಬರುವುದನ್ನು ಕಾಯಬೇಕಿತ್ತು. 1996ರ ಹೊತ್ತಿಗೆ ಎಲ್ಲ ಬೆಳೆಗಾರರೂ ತಮ್ಮ ಕಾಫಿಯನ್ನು ಪೂರ್ತಿ ತಾವೇ ಮಾರುವ ಹಾಗಾಯಿತು. ಆಗಿನಿಂದ ಯಾವಾಗ ಮಾರಬೇಕು ಅನ್ನುವ ಚಿಂತೆಯೂ ಮನೆಯೊಳಗೆ ಬಂತು.

ಆಮೇಲೆ ನನಗೆ ಇದೊಂದು ಹುಚ್ಚೇ ಹಿಡಿಯಿತು. ಮಡಿಕೇರಿಯಲ್ಲಿ ಕಾಫಿಪುಡಿ ಅಂಗಡಿಯವರನ್ನು ಕೇಳಿದೆ, ಬೀಜದ ಬೆಲೆ ಏರಿದಾಗ ನೀವೇನು ಮಾಡ್ತೀರಿ ಅಂತ. ಪುಡಿ ಬೆಲೆ ಏರಿಸಿದರೆ ಗಿರಾಕಿ ಬಿಟ್ಟು ಹೋಗುತ್ತಾರೆ, ಚಿಕೋರಿ ಜಾಸ್ತಿ ಮಾಡಿದರೆ ರುಚಿ ಕೆಡುತ್ತೆ ಅಂದರು. ಗೊಬ್ಬರದಂಗಡಿಯ ಅಣ್ಣನಿಗೆ ಮಾತ್ರ ಖುಷಿ, ಅವರ ಹಳೆ ಬಾಕಿ ಎಲ್ಲ ವಸೂಲಾಗುತ್ತೆ. ಒಂದೇ ಬೆಲೆ, ಒಂದೇ ಊರು, ಒಬ್ಬೊಬ್ಬರಿಗೂ ಬೇರೆ ಲೆಕ್ಕ. ಯಾರೂ ನನ್ನನ್ನು ಸುಮ್ನೆ ಕಳಿಸಲಿಲ್ಲ. ಮರ್ಯಾದೆಯಿಂದ ಕೇಳಿದರೆ ಜನ ತಮ್ಮ ಕೆಲಸದ ಬಗ್ಗೆ ಎಷ್ಟು ಪ್ರೀತಿಯಿಂದ ಹೇಳುತ್ತಾರೆ ಗೊತ್ತಾ!

ಮುಂದಿನ ಇಂಟರ್‌ವ್ಯೂ ಒಂದು ಬ್ಯಾಂಕಿನದು, ಸಾಲದ ವಿಭಾಗಕ್ಕೆ. "ಕಾಫಿ ಬೆಳೆಗಾರರಿಗೆ ಸಾಲ ಕೊಟ್ಟರೆ ಪ್ರತಿ ತಿಂಗಳು ಕಂತು ಇಡಬಹುದಾ?" ಅಂತ ಕೇಳಿದರು. ಈ ಸಲ ಉಸಿರು ತೆಗೆದುಕೊಂಡೆ. ಮನೆಯ ವರ್ಷವನ್ನೇ ಹೇಳಿದೆ. ರೋಬಸ್ಟಾದ ದುಡ್ಡು ಬರುವುದು ಕುಯ್ಲಾದ ಮೇಲೆ, ಅದೂ ಮಾರಿದರೆ. ಅದೇ ಫೆಬ್ರವರಿ, ಮಾರ್ಚಲ್ಲಿ ಕಾಫಿ ಹೂ ಅರಳಲು ಬೇಕಾದ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು, ಡೀಸೆಲ್‌ಗೆ ದುಡ್ಡು ಬೇಕು. ಮಳೆಗಾಲಕ್ಕೆ ಮುಂಚೆ ಗೊಬ್ಬರ. ಮೆಣಸು ಇದ್ದವರು ಒಣಗಿಸಿ ಇಟ್ಟುಕೊಂಡು ಕಷ್ಟಕ್ಕೆ ಮಾರುತ್ತಾರೆ, ಅದು ವರ್ಷಗಟ್ಟಲೆ ಕೆಡುವುದಿಲ್ಲ. ಆದ್ದರಿಂದ ತಿಂಗಳ ಕಂತಿಗಿಂತ ವರ್ಷಕ್ಕೊಮ್ಮೆ, ಮಾರಾಟಕ್ಕೆ ಸಮಯ ಕೊಟ್ಟು ಕಂತು ಇಟ್ಟರೆ ಬ್ಯಾಂಕಿಗೂ ಕ್ಷೇಮ ಅಂದೆ. ಅವರು ಬರೆದುಕೊಂಡರು. ಈಗ ಅಲ್ಲೇ ಕೆಲಸ ಮಾಡುತ್ತಿದ್ದೇನೆ.

ಚಿಕ್ಕಪ್ಪನ ಮಗ ಈಗ ಕೊನೆ ವರ್ಷದ ಬಿ.ಬಿ.ಎ. ಅವನಿಗೂ ಕಮರ್ಷಿಯಲ್ ಅವೇರ್‌ನೆಸ್‌ನದೇ ಪ್ರಶ್ನೆ, "ಅಕ್ಕಾ, ಎಲ್ಲಿಂದ ಶುರು ಮಾಡಲಿ?" ಅಂತ. ಅವನ ಅಮ್ಮ ನಡೆಸುವ ಹೋಂಸ್ಟೇಯಿಂದಲೇ ಶುರು ಮಾಡು ಅಂದೆ. ಒಂದು ರೂಮಿನ ಬಾಡಿಗೆಯಲ್ಲಿ ಬುಕಿಂಗ್ ಆ್ಯಪ್‌ಗೆ ಎಷ್ಟು ಹೋಗುತ್ತೆ? ಜುಲೈ ಮಳೆಯಲ್ಲಿ ರೂಮು ಖಾಲಿ ಇದ್ದರೂ ಯಾವ ಖರ್ಚು ನಿಲ್ಲುವುದಿಲ್ಲ? ಪಕ್ಕದ ಹೋಂಸ್ಟೇಗಿಂತ ಇವರಿಗೆ ಜನ ಯಾಕೆ ಬರುತ್ತಾರೆ? ಈ ಮೂರನ್ನು ಬರೆದುಕೊಂಡು ಹೋಗಿದ್ದಾನೆ. ಭಾನುವಾರ ಗೆಸ್ಟುಗಳು ಹೊರಟ ಮೇಲೆ ಚಿಕ್ಕಮ್ಮ ಲೆಕ್ಕದ ಪುಸ್ತಕ ತೋರಿಸುತ್ತಾರಂತೆ.